ಕುದುರೆಯ ಕಾಯಕ, ನನ್ನ ವಿನೋದ

ಮಂಠಾಳ ಮತ್ತು ಸುತ್ತಲಿನ ಊರುಗಳ ಸರ್ಕಾರಿ ಶಾಲೆಗಳಲ್ಲಿ ಮೂವತ್ತೈದು ವರ್ಷ ಟೀಚರ್ ಆಗಿದ್ದೆ. ಮಗ್ಗಿ ಬಾರದ ಹುಡುಗರಿಗೆ ಹಾಕಲು ನನ್ನ ಹತ್ತಿರ ಇದ್ದದ್ದು ಒಂದೇ ಬೆದರಿಕೆ: "ಓದಲಿಲ್ಲ ಅಂದ್ರ ದನಾ ಕಾಯ್ಲಾಕ ಹೋಗ್ತಿ ನೋಡು!" ಅದನ್ನು ಕೇಳಿಸಿಕೊಂಡ ಹುಡುಗರಲ್ಲಿ ಕೆಲವರು ನಿಜವಾಗಲೂ ದನ ಕಾಯಲು ಹೋದರು. ಬಹಳಷ್ಟು ಜನ ಪುಣೆ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದರು. ನಾನು ನಿವೃತ್ತಿಯಾದ ಮರುವರ್ಷ, 2019ರ ಜೂನ್‌ನಲ್ಲಿ, ಖುದ್ದು ದನ ಕಾಯಲು ಹೋದೆ. ಅಮೆರಿಕಕ್ಕೆ. ಅದೂ ದುಡ್ಡು ಕೊಟ್ಟು.

ದುಡ್ಡು ಕೊಟ್ಟವಳು ಮಗಳು. ಅವಳು ಡೆನ್ವರ್‌ನಲ್ಲಿ ಇರ್ತಾಳೆ. "ಅವ್ವಾ, ಒಂದು ವಾರ ಹಳ್ಳಿಗೆ ಹೋಗಿ ಬರೋಣ, ನಿನಗೂ ಬೇಜಾರು ಕಳೀತದ" ಅಂದಳು. ಗಡಿ ದಾಟಿ ವಯೋಮಿಂಗ್ ರಾಜ್ಯದೊಳಗೆ ಕಾರು ಮೂರು ತಾಸು ಓಡಿತು. ಹಳ್ಳಿ ಎಲ್ಲೂ ಕಾಣಲಿಲ್ಲ. ಕಣ್ಣು ಹಾಯುವಷ್ಟು ದೂರ ಹುಲ್ಲು, ಮುಳ್ಳುತಂತಿ, ಆಮೇಲೆ ದಿಮ್ಮಿಗಳಿಂದ ಕಟ್ಟಿದ ಹತ್ತು ಹನ್ನೆರಡು ಮನೆ. ನೂರು ವರ್ಷಕ್ಕೂ ಹಳೆಯ ರ‍್ಯಾಂಚ್ ಅದು. ಇಂದಿಗೂ ದನ ಸಾಕಿ ಮಾರುತ್ತಾರೆ. ಜೊತೆಗೆ ಬೇಸಿಗೆಯಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುತ್ತಾರೆ. ಬೆಳಿಗ್ಗೆ ಎದ್ದು ಕುದುರೆ ಏರಿ, ದನಗಳನ್ನು ಒಂದು ಹುಲ್ಲುಗಾವಲಿನಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುವುದು. ಸಂಜೆ ಬೆಂಕಿ ಸುತ್ತ ಕೂತು ಉಣ್ಣುವುದು. ಇದೇ ರಜೆ. ಒಂದು ವಾರಕ್ಕೆ ತಲೆಗೆ ಎರಡೂವರೆ ಸಾವಿರ ಡಾಲರ್ ಅಂತ ಮೂರನೇ ದಿನ ಅಳಿಯನ ಬಾಯಿಂದ ಗೊತ್ತಾಯಿತು. ನಮ್ಮ ಲೆಕ್ಕದಲ್ಲಿ ಒಂದೂಮುಕ್ಕಾಲು ಲಕ್ಷ. ದನ ಕಾಯುವ ಆಳಿಗೆ ನಮ್ಮೂರಲ್ಲಿ ಎರಡು ವರ್ಷದ ಪಗಾರು ಕೊಟ್ಟರೂ ಮಿಗುತ್ತದೆ. ಅಂಥಾದ್ದರಲ್ಲಿ ಇಲ್ಲಿ ದನ ಕಾಯುವವರೇ ಕೊಡಬೇಕು!

ಮೊದಲ ದಿನ ನಮ್ಮನ್ನೆಲ್ಲ ಒಂದು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ದಿನಸಿ ತೂಗಿದ ಹಾಗೆ. ನಾನು ಮಗಳ ಪ್ಯಾಂಟು ತೊಟ್ಟು, ಅರವತ್ತೊಂದನೇ ವಯಸ್ಸಿನಲ್ಲಿ ಮೊದಲ ಸಲ ಪ್ಯಾಂಟಿನಲ್ಲಿ ನಿಂತ ಸಂಕೋಚಕ್ಕೆ ಸೆರಗು ಹುಡುಕುತ್ತಾ ನಿಂತೆ. 68 ಕಿಲೋ. ಕುದುರೆಗಳ ಉಸ್ತುವಾರಿಯ ಹುಡುಗಿ, ಇಪ್ಪತ್ತೈದು ಇಪ್ಪತ್ತಾರರ ವಯಸ್ಸಿನವಳು, ಚೀಟಿಯಲ್ಲಿ ಬರೆದುಕೊಂಡಳು. ಯಾಕೆ ಅಂತ ಕೇಳಿದೆ. ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ಐದನೇ ಒಂದು ಪಾಲು ಮೀರಬಾರದಂತೆ. ನನ್ನ ಕುದುರೆ ಡಸ್ಟಿಯ ತೂಕ ಸುಮಾರು 500 ಕಿಲೋ. ಹಾಗಾಗಿ ನೂರು ಕಿಲೋ ತನಕ ಹೇರಬಹುದು, ನೀವು ಪಾಸ್ ಅಂದಳು.

ಹೇರು ಅನ್ನೋ ಶಬ್ದ ನನ್ನ ತಲೆಯೊಳಗೆ ಕನ್ನಡದಲ್ಲೇ ಬಂತು. ಅದರ ಹಿಂದೆಯೇ ಚಂದ್ರಿ ಬಂದಳು.

ಚಂದ್ರಿ ನಮ್ಮ ಅಪ್ಪನ ತಟ್ಟು. ಹಣೆ ಮೇಲೆ ಬಿಳಿ ಚುಕ್ಕೆ ಇದ್ದ ಕೆಂಚು ಬಣ್ಣದ ಹೆಣ್ಣು. ನಮ್ಮ ಕಡೆ ಅಂಥ ಗಿಡ್ಡ ಕುದುರೆಗಳು ಆಗ ಊರಿಗೆ ನಾಲ್ಕಾರು ಇರ್ತಿದ್ದವು. ಭೀಮಾ ತೀರದ ತಳಿಯ ರಕ್ತ ಇದ್ದವು. ಮರಾಠಾ ಸೈನ್ಯ ದಖನ್ ತುಂಬ ಓಡಾಡಿದ್ದು ಆ ತಳಿಯ ಬೆನ್ನ ಮೇಲೆ. ಈಗ ಕುರಿ ಹಿಂಡಿನ ಹಿಂದೆ ಪಾತ್ರೆ ಪಗಡೆ, ಕೋಳಿ, ಎಳೆ ಕುರಿಮರಿ ಹೊತ್ತು ಹೋಗುವ ಧನಗರರ ಕುದುರೆಗಳಲ್ಲಿ ಅದು ಅಷ್ಟಿಷ್ಟು ಉಳಿದಿದೆ. ಅಪ್ಪ ಸಂತೆಯಿಂದ ಸಂತೆಗೆ ಬಟ್ಟೆ ಮಾರುತ್ತಿದ್ದ. ರಾಜೇಶ್ವರ, ಮುಡಬಿ, ಹುಲಸೂರು, ಹುಮನಾಬಾದ. ಚಂದ್ರಿಯ ಎರಡೂ ಪಕ್ಕಕ್ಕೆ ಸೀರೆ ಧೋತರದ ಗಂಟು, ನಡುವೆ ಅಪ್ಪ. ಚಂದ್ರಿ ತೂಗಿದರೆ ಎಷ್ಟಿರಬಹುದು? 250 ಕಿಲೋ ಅಂತಲೇ ಇಟ್ಟುಕೊಳ್ಳಿ. ಐದನೇ ಒಂದು ಪಾಲು ಅಂದರೆ 50 ಕಿಲೋ. ಅಪ್ಪ ಒಬ್ಬನೇ ಅದಕ್ಕಿಂತ ಜಾಸ್ತಿ ಇದ್ದ.

ಅಣ್ಣನನ್ನು ಅಪ್ಪ ಆಗಾಗ ಅದರ ಮೇಲೆ ಕೂಡಿಸುತ್ತಿದ್ದ. ನನ್ನನ್ನು ಒಮ್ಮೆಯೂ ಕೂಡಿಸಲಿಲ್ಲ. ಹೆಣ್ಣು ಹುಡುಗಿ ಕುದುರೆ ಏರೋದು ಅಂದರೆ! ಆದರೆ ಕಣಿಕೆ ಕತ್ತರಿಸಿ ಹಾಕೋದು, ಹುರುಳಿ ನೆನೆಸೋದು, ಲದ್ದಿ ಬಳಿಯೋದು ನನ್ನ ಪಾಲಿಗೆ. ಹಾಗಾಗಿ ವಯೋಮಿಂಗ್‌ನಲ್ಲಿ ರಿಕಾಪಿನೊಳಗೆ ಕಾಲಿಟ್ಟು, ಇಬ್ಬರ ಸಹಾಯದಿಂದ ಡಸ್ಟಿಯ ಬೆನ್ನೇರಿ ಕೂತಾಗ ಆದ ಖುಷಿಯನ್ನು ಸುಳ್ಳು ಅಂತ ಹೇಳಲಾರೆ. ಎತ್ತರದಿಂದ ಲೋಕ ಬೇರೆ ಕಾಣುತ್ತದೆ. ಎದುರಿಗೆ ಬಂದವರೆಲ್ಲ ತಲೆಯೆತ್ತಿ ಮಾತಾಡಿಸುತ್ತಾರೆ. ನಮ್ಮ ದೇಶದಲ್ಲಿ ಮದುವೆಯ ದಿನ ಒಬ್ಬ ದಲಿತ ಹುಡುಗ ಕುದುರೆ ಏರಿದ ಅಂತ ಕಲ್ಲು ತೂರುವವರು ಯಾಕೆ ಅಷ್ಟು ಹೆದರುತ್ತಾರೆ ಅನ್ನೋದು ಏರಿ ಕೂತ ಮೇಲೆ ಇನ್ನಷ್ಟು ಅರ್ಥ ಆಯಿತು.

ಎರಡನೇ ದಿನ ಮಧ್ಯಾಹ್ನ, ಏರು ಹತ್ತುವಾಗ, ಡಸ್ಟಿಯ ಕುತ್ತಿಗೆಯ ಬೆವರು ನನ್ನ ಅಂಗೈಗೆ ಹತ್ತಿತು. ಆ ವಾಸನೆ! ಐವತ್ತು ವರ್ಷ ಹಿಂದಿನ ನಮ್ಮ ಕೊಟ್ಟಿಗೆಯ ವಾಸನೆ. ಆಗ ತಲೆಗೆ ಬಂದ ಪ್ರಶ್ನೆ ಬಹಳ ಸಾದಾ. ನಾನು ರಜೆಯಲ್ಲಿದ್ದೇನೆ. ಇದು? ಚಂದ್ರಿ ಹೊತ್ತದ್ದು ನಮ್ಮ ಮನೆಯ ಅನ್ನ. ಡಸ್ಟಿ ಹೊತ್ತದ್ದು ನನ್ನ ಬೇಜಾರು ಕಳೆಯುವ ಆಟ. ಕುದುರೆಗೆ ಈ ಎರಡರ ನಡುವೆ ಏನಾದರೂ ಫರಕು ಇದೆಯೇ? ಬೆನ್ನಿಗೆ 68 ಕಿಲೋ ಅಂದರೆ 68 ಕಿಲೋ.

ಕಲ್ಯಾಣದ ನೆರಳಲ್ಲಿ ಬೆಳೆದವರಿಗೆ ಈ ಪ್ರಶ್ನೆ ಬಂದಾಗ ಕೈಗೆ ಎರಡು ಶಬ್ದ ಸಿಗುತ್ತವೆ, ಎರಡೂ ಆ ಊರಿನವೇ. ಒಂದು ಚಾಲುಕ್ಯ ದೊರೆ ಮೂರನೇ ಸೋಮೇಶ್ವರನದು. 1129ರ ಸುಮಾರಿಗೆ ಅವನು ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ರಾಜನ ವಿನೋದಗಳಿಗೇ ಒಂದು ದೊಡ್ಡ ಭಾಗ ಮೀಸಲು. ಅದರಲ್ಲಿ ಕುದುರೆಯದೂ ಒಂದು. ಕುದುರೆ ಮೇಲೆ ಕೂತು ಎರಡು ಪಕ್ಷಗಳು ಚೆಂಡಾಡುವ ಆಟದ ವಿವರ ಅಲ್ಲಿದೆ. ಇನ್ನೊಂದು ಶಬ್ದ ಮೂವತ್ತು ನಲವತ್ತು ವರ್ಷದೊಳಗೆ ಅದೇ ಊರಿನಲ್ಲಿ ದೊಡ್ಡದಾದದ್ದು: ಕಾಯಕ. ದೋಣಿ ನಡೆಸುವವ, ಬಟ್ಟೆ ಒಗೆಯುವವ, ಹಗ್ಗ ಹೊಸೆಯುವವ, ಎಲ್ಲರ ದುಡಿಮೆಗೂ ಒಂದೇ ಬೆಲೆ ಅಂತ ಹೇಳಿದ ಶಬ್ದ. ಆ ಶರಣರಲ್ಲಿ ತುರುಗಾಹಿ ರಾಮಣ್ಣ ಎಂಬುವರಿದ್ದರು. ತುರುಗಾಹಿ ಅಂದರೆ ದನ ಕಾಯುವವ. ಬಸವ ಜಯಂತಿಯ ಹಿಂದಿನ ದಿನ ಹುಡುಗರಿಗೆ ಅವರ ಹೆಸರು ಬಾಯಿಪಾಠ ಮಾಡಿಸಿ, ಮರುವಾರ ದನ ಕಾಯುವ ಬೆದರಿಕೆ ಹಾಕಿದವಳು ನಾನು. ಇರಲಿ.

ವಿನೋದ ರಾಜರದು, ಕಾಯಕ ನಮ್ಮದು, ಆದ್ದರಿಂದ ಚಂದ್ರಿಯ ದುಡಿಮೆ ಪವಿತ್ರ, ಡಸ್ಟಿಯದು ಶ್ರೀಮಂತರ ಶೋಕಿ. ಎರಡು ದಿನ ನಾನು ಹೀಗೇ ಅಂದುಕೊಂಡು ಮನಸ್ಸಿನಲ್ಲೇ ಬೀಗುತ್ತಿದ್ದೆ. ಆ ಬೀಗು ಇಳಿದದ್ದು ರ‍್ಯಾಂಚ್‌ಗಳ ಹಳೆಯ ಕಥೆ ಕೇಳಿ.

ಈಟನ್ ಅಂತ ಮೂವರು ಅಣ್ಣತಮ್ಮಂದಿರು ಪಿಟ್ಸ್‌ಬರ್ಗ್ ಕಡೆಯಿಂದ ಡಕೋಟಾ ಪ್ರಾಂತಕ್ಕೆ ಬಂದು 1880ರ ಹೊತ್ತಿಗೆ ದನ ಸಾಕಲು ಶುರು ಮಾಡಿದ್ದರು. ಪೂರ್ವದ ಪಟ್ಟಣಗಳಿಂದ ಗೆಳೆಯರು, ಗೆಳೆಯರ ಗೆಳೆಯರು ಬಂದು ಉಳಿದರು. ಬೇಟೆ, ಸವಾರಿ, ಊಟ ಎಲ್ಲ ಬಿಟ್ಟಿ. ತಿಂಗಳುಗಟ್ಟಲೆ. ಕಡೆಗೆ 1882ರಲ್ಲಿ ಒಬ್ಬ ಅತಿಥಿಯೇ ದುಡ್ಡು ತಗೊಳ್ಳಿ ಅಂದ. ಇವರು ತಗೊಂಡರು. ದುಡ್ಡು ಕೊಟ್ಟು ಉಳಿಯುವ ರ‍್ಯಾಂಚ್ ಹುಟ್ಟಿದ್ದು ಹೀಗೆ. ನಾಲ್ಕೇ ವರ್ಷದಲ್ಲಿ 1886–87ರ ಚಳಿಗಾಲ ಬಂತು. ಹಿಮ ಹುಲ್ಲನ್ನು ಮುಚ್ಚಿ ಮೇಲೆ ಮಂಜುಗಡ್ಡೆಯಾಗಿ ಕೂತಿತು. ದನಗಳು ಬೇಲಿಗೆ ಒರಗಿ ನಿಂತಲ್ಲೇ ಸತ್ತವು. ಎಷ್ಟೋ ಮಾಲೀಕರು ಹೊಲ ಮನೆ ಬಿಟ್ಟು ಹೋದರು. ಅದಾದ ಮೇಲೆ ಅತಿಥಿಗಳ ದುಡ್ಡು ಅನೇಕ ರ‍್ಯಾಂಚ್‌ಗಳಿಗೆ ಊರುಗೋಲಾಯಿತು. ಈಟನ್ನರು 1904ರಲ್ಲಿ ವಯೋಮಿಂಗ್‌ಗೆ ಬಂದರು. 1926ರಲ್ಲಿ ಇಂಥವರೆಲ್ಲ ಸೇರಿ ಸಂಘವನ್ನೂ ಕಟ್ಟಿಕೊಂಡರು. (ಆ ನೆಲ ಮೊದಲು ಶಾಯೆನ್, ಅರಾಪಹೋ, ಷೋಷೋನಿ ಜನರದಾಗಿತ್ತು ಅನ್ನೋದನ್ನು ಬೆಂಕಿ ಸುತ್ತ ಕೂತಾಗ ಯಾರೂ ಎತ್ತಲಿಲ್ಲ. ರಾಜಧಾನಿಗೆ ಶಾಯೆನ್ ಅಂತ ಹೆಸರಿಟ್ಟಿದ್ದಾರೆ, ಅಷ್ಟೇ.)

ಅಂದರೆ ಆ ಕುದುರೆಗಳಿಗೆ ಚಳಿಗಾಲದಲ್ಲಿ ಒಣಹುಲ್ಲು ಸಿಗುವುದು ನನ್ನಂಥ ಸೋಮಾರಿ ಅತಿಥಿಗಳಿಂದ. ವಿನೋದವೇ ಅವುಗಳ ಹೊಟ್ಟೆ ತುಂಬಿಸುತ್ತದೆ. ನಮ್ಮ ಕಡೆ ನೋಡಿ, ಕಾಯಕದ ಕುದುರೆ ಒಂದೂ ಉಳಿದಿಲ್ಲ. ಬಟ್ಟೆ ಗಂಟು ಹೊತ್ತ ತಟ್ಟುಗಳ ಜಾಗಕ್ಕೆ ಲೂನಾ ಬಂತು, ಆಮೇಲೆ ಟಂಟಂ ಬಂತು. ಬಸವಕಲ್ಯಾಣದ ಟಾಂಗಾಗಳ ಜಾಗಕ್ಕೆ ಆಟೋ ಬಂತು. ಮಂಠಾಳದಲ್ಲಿ ನಾನು ನೋಡುವ ಒಂದೇ ಕುದುರೆ ಮದುವೆಯದು. ಅದು ಬದುಕಿರುವುದೂ ವಿನೋದದಿಂದಲೇ. ನಾನು ಹಗುರಾಗಿ ನೋಡಿದ ಶಬ್ದವೇ ಕುದುರೆಯನ್ನು ಉಳಿಸಿದೆ. ನಾನು ಪೂಜಿಸಿದ ಶಬ್ದಕ್ಕೆ ಅದನ್ನು ಉಳಿಸಿಕೊಳ್ಳಲು ಆಗಲಿಲ್ಲ.

ಇನ್ನೂ ಒಂದು ಮಾತು. ಚಂದ್ರಿ ಮಾಡಿದ್ದನ್ನು ಕಾಯಕ ಅನ್ನಬಹುದೇ? ನಾನು ಅನ್ನುತ್ತಾ ಬಂದಿದ್ದೆ. ಈಗ ಆಗೋದಿಲ್ಲ ಅನಿಸುತ್ತದೆ. ಕಾಯಕ ಅಂದರೆ ತಾನಾಗಿ ಒಪ್ಪಿ ಮಾಡಿದ ದುಡಿಮೆ. ಅದರ ಫಲವನ್ನು ಯಾರಿಗೆ ಹಂಚಬೇಕು ಅನ್ನುವ ಅಧಿಕಾರವೂ ದುಡಿದವರದೇ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಹಿಂದಕ್ಕೆ ಸುರಿದು ಬಾ ಅಂತ ಕಳಿಸಿದ ಕಥೆ ನಿಮಗೆ ಗೊತ್ತೇ ಇದೆ. ಹಾಗೆ ಹಿಂದಕ್ಕೆ ಕಳಿಸುವ ಬಾಯಿ ಚಂದ್ರಿಗೆ ಇರಲಿಲ್ಲ. ಅವಳಿಂದ ಎಷ್ಟು ತೆಗೆಯಬೇಕು ಅಂತ ತೀರ್ಮಾನಿಸಿದ್ದು ಅಪ್ಪ ಮತ್ತು ಸಂತೆ. ಅದಕ್ಕೆ ಸರಿಯಾದ ಶಬ್ದ ಬಿಟ್ಟಿ ಚಾಕರಿ. ಎತ್ತು, ಕುದುರೆಗಳನ್ನು ನಮ್ಮ ಜೊತೆಗಾರ ಕಾಯಕಜೀವಿಗಳು ಅಂತ ಭಾಷಣ ಮಾಡುವಾಗ ನಾವು ನಮಗೇ ಸಮಾಧಾನ ಹೇಳಿಕೊಳ್ಳುತ್ತಿರುತ್ತೇವೆ. ಶಿಕ್ಷಕರ ದಿನಾಚರಣೆಯಲ್ಲಿ ಇಂಥ ಭಾಷಣವನ್ನು ನಾನೂ ಮಾಡಿದ್ದೇನೆ.

ಹಾಗಾದರೆ ಹೇರಿದವರಿಗೂ ಹೊತ್ತವರಿಗೂ ನಡುವೆ ಉಳಿಯುವ ಲೆಕ್ಕ ಯಾವುದು? ಒಪ್ಪಂದ ಇಲ್ಲದ ಕಡೆ ಋಣ ಇರುತ್ತದೆಯೇ? ನಾನು ಐದನೇ ದಿನ ಆ ಹುಡುಗಿಯನ್ನು ಕೇಳಿಯೇಬಿಟ್ಟೆ. ಡಸ್ಟಿಗೆ ವಯಸ್ಸೆಷ್ಟು? ಹತ್ತೊಂಬತ್ತು ಅಂದಳು. ಇನ್ನೆಷ್ಟು ವರ್ಷ? ಮೂರೋ ನಾಲ್ಕೋ ಬೇಸಿಗೆ. ಆಮೇಲೆ?

ಅವಳು ಜೀನಿನ ಪಟ್ಟಿ ಬಿಚ್ಚುತ್ತಿದ್ದಳು. ಬಿಚ್ಚುವುದನ್ನು ನಿಲ್ಲಿಸಲಿಲ್ಲ. ಕೆಲವನ್ನು ಇಲ್ಲೇ ಹುಲ್ಲುಗಾವಲಿಗೆ ಬಿಡ್ತೀವಿ, ಕೆಲವನ್ನು ಮಕ್ಕಳಿರುವ ಮನೆಯವರು ಕೇಳಿ ಒಯ್ತಾರೆ, ನೋವು ಬಹಳ ಆದವಕ್ಕೆ ಡಾಕ್ಟರ್ ಬಂದು ಇಂಜೆಕ್ಷನ್ ಕೊಡ್ತಾರೆ, ಆಗ ನಾನು ಪಕ್ಕದಲ್ಲಿ ನಿಂತಿರ್ತೀನಿ ಅಂದಳು. ಎಲ್ಲ ಕಡೆ ಹೀಗಿಲ್ಲ ಅಂತಲೂ ಹೇಳಿದಳು. ಅವರ ದೇಶದಲ್ಲಿ ಕುದುರೆ ಕಡಿಯುವ ಕೊನೆಯ ಕಾರ್ಖಾನೆಗಳು 2007ರಲ್ಲಿ ಮುಚ್ಚಿದವಂತೆ. ಅದರಿಂದ ಕುದುರೆಗಳು ಬದುಕಲಿಲ್ಲ. ಲಾರಿಯಲ್ಲಿ ಮೆಕ್ಸಿಕೋಗೋ ಕೆನಡಾಕ್ಕೋ ಇನ್ನೂ ದೂರದ ಪ್ರಯಾಣ ಮಾಡಿ ಸಾಯತೊಡಗಿದವು. "ಅತಿಥಿಗಳು ಇದನ್ನು ಕೇಳೋದಿಲ್ಲ. ನೀವು ಕೇಳಿದಿರಿ" ಅಂದಳು. ಹೊಗಳಿದಳೋ ಬೇಸರದಿಂದ ಅಂದಳೋ ತಿಳಿಯಲಿಲ್ಲ. ಆಮೇಲೆ ಸಹಜವಾಗಿ, ನಿಮ್ಮ ಮನೇಲಿ ಕುದುರೆ ಇತ್ತು ಅಂದಿರಲ್ಲ, ಅದಕ್ಕೆ ಏನಾಯ್ತು ಅಂತ ಕೇಳಿದಳು.

ಒಳ್ಳೆಯ ಮನೆಗೆ ಕೊಟ್ಟರು ಅಂತ ಮಗಳ ಬಾಯಿಂದ ಹೇಳಿಸಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕಂದರೆ ನನಗೆ ಗೊತ್ತಿರಲಿಲ್ಲ. 1972ರ ಬರ. ಆಗ ನನಗೆ ಹದಿನಾಲ್ಕು. ಬಾವಿಗಳು ಬತ್ತಿದ್ದವು, ಕಣಿಕೆ ಸಿಗ್ತಿರಲಿಲ್ಲ, ಸಿಕ್ಕರೆ ಎತ್ತಿಗೆ. ಜೋಳವೇ ಇಲ್ಲದ ಜನ ಸೀರೆ ಏನು ಕೊಳ್ಳುತ್ತಾರೆ? ಅಪ್ಪನ ಸಂತೆ ನಿಂತಿತ್ತು. ಚಂದ್ರಿಯ ಬಲಗಾಲು ಕುಂಟುತ್ತಿತ್ತು. ಆ ಚಳಿಗಾಲ ಅಪ್ಪ, ಅಣ್ಣ ಅವಳನ್ನು ಹಿಡಿದುಕೊಂಡು, ಉದಗೀರ ದಾಟಿ, ನಾಂದೇಡ ಜಿಲ್ಲೆಯ ಮಾಳೆಗಾಂವ ಜಾತ್ರೆಗೆ ನಡೆದು ಹೋದರು. ಖಂಡೋಬಾನ ಜಾತ್ರೆ. ನಮ್ಮ ಖಾನಾಪುರದ ಮೈಲಾರ ಮಲ್ಲಣ್ಣನೇ ಅಲ್ಲಿ ಖಂಡೋಬಾ. ದೇವರು ಕುದುರೆ ಏರಿದವ, ಅವನ ಜಾತ್ರೆ ಕುದುರೆ ಮಾರುವ ಜಾತ್ರೆ. ವಾಪಸ್ ಬಂದ ಅಪ್ಪನಿಗೆ ಅವ್ವ ನೀರು ಕೊಟ್ಟಳು. "ಒಳ್ಳೆ ಮನಿಗಿ ಹೋದಳು" ಅಂದ ಅಪ್ಪ. ಅದೇ ಮಾತನ್ನು ನಾನು ನಲವತ್ತೇಳು ವರ್ಷ ಇಟ್ಟುಕೊಂಡಿದ್ದೆ, ಹೊರಗಿನವರು ಕೇಳಿದಾಗ ತೆಗೆದು ತೋರಿಸಿದೆ.

ಅತಿಥಿ ಅಂದರೆ ಕೇಳಬೇಕಾಗಿಲ್ಲದವನು. ಒಂದೂಮುಕ್ಕಾಲು ಲಕ್ಷಕ್ಕೆ ಸಿಗುವ ದೊಡ್ಡ ಸೌಲಭ್ಯ ಅದು, ಸವಾರಿಗಿಂತ ದೊಡ್ಡದು. ವಾರ ಮುಗಿದ ಮೇಲೆ ಕುದುರೆ ನನ್ನ ಜವಾಬ್ದಾರಿ ಅಲ್ಲ. ಆದರೆ ನಾನು ನನ್ನ ಅಪ್ಪನ ಮನೆಯಲ್ಲೂ ಅತಿಥಿಯ ಹಾಗೇ ಇದ್ದೆನಲ್ಲ! ಮೂರು ಹೊತ್ತು ಅವಳ ಬೆನ್ನಿನಿಂದ ಬಂದ ರೊಟ್ಟಿ ತಿಂದು, ಎಲ್ಲಿ ಹೋದಳು ಅಂತ ಕೇಳಲಿಲ್ಲ. ಕೇಳಿದ್ದರೆ ಏನಾಗ್ತಿತ್ತು, ಬರದಲ್ಲಿ ಕುಂಟು ಕುದುರೆಯನ್ನು ಯಾರು ಸಾಕುತ್ತಿದ್ದರು ಅಂತ ನೀವು ಕೇಳಬಹುದು. ಏನೂ ಆಗ್ತಿರಲಿಲ್ಲ. ಮಾರುವುದು ತಪ್ಪುತ್ತಿರಲಿಲ್ಲ. ಅಪ್ಪ ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ಮನೆಯಲ್ಲಿ ಆರು ಬಾಯಿ ಇದ್ದವು. ಆದರೆ ಮಾರಿದ್ದನ್ನು ಮಾರಿದೆವು ಅನ್ನಬಹುದಿತ್ತು. ಆ ಹುಡುಗಿ ಇಂಜೆಕ್ಷನ್ ಕೊಡುವಾಗ ಪಕ್ಕದಲ್ಲಿ ನಿಲ್ಲುತ್ತಾಳೆ. ನಿಂತರೆ ಕುದುರೆ ಬದುಕುವುದಿಲ್ಲ. ಆದರೂ ನಿಲ್ಲುವುದಕ್ಕೂ ಒಳ್ಳೆ ಮನೆಗೆ ಹೋಯಿತು ಅನ್ನುವುದಕ್ಕೂ ಬಹಳ ಅಂತರ ಇದೆ ಅಂತ ನನಗನಿಸುತ್ತದೆ. ಆ ಅಂತರಕ್ಕೆ ಏನು ಹೆಸರು ಅಂತ ಹೇಳಲು ನನಗೆ ಬರುತ್ತಿಲ್ಲ.

ಕೊನೆಯ ದಿನ ಸವಾರಿಗೆ ಹೋಗಲಿಲ್ಲ. ಮಗಳು ಹುಷಾರಿಲ್ಲವೇ ಅಂದಳು. ಡಸ್ಟಿಗೆ ಬ್ರಷ್ ಹಾಕುತ್ತಾ ಕೂತೆ. ಇದರಿಂದ ಅದಕ್ಕೆ ರಜೆ ಸಿಕ್ಕಿತು ಅಂತ ತಿಳಿಯಬೇಡಿ. ಹತ್ತೂವರೆಗೆ ಇನ್ನೊಬ್ಬರಿಗೆ ಜೀನು ಬಿಗಿದರು.

ಊರಿಗೆ ಬಂದ ಮೇಲೆ ಕಾರ್ತೀಕ ಮುಗಿದು ಲಗ್ನಗಳು ಶುರುವಾದವು. ಪಕ್ಕದ ಓಣಿಯ ಮದುವೆಗೆ ಕುದುರೆ ಬಂದಿತ್ತು. ಡಿಜೆ ಸಪ್ಪಳಕ್ಕೆ ಕಿವಿ ಹಿಂದಕ್ಕೆ ಮಡಚಿ ನಿಂತಿತ್ತು. ಅದರ ಮಾಲೀಕ ನನ್ನ ಹಳೆಯ ವಿದ್ಯಾರ್ಥಿ, ನನ್ನ ಬೆದರಿಕೆ ಕೇಳಿ ಬೆಳೆದವನು. "ಹ್ಯಾಂಗದಪ್ಪ ಧಂದಾ?" ಅಂದೆ. "ಸೀಸನ್ ನಾಕ್ ತಿಂಗಳು ಅದಾ ಟೀಚರ್, ಅದರ ಹೊಟ್ಟಿ ಹನ್ನೆರಡು ತಿಂಗಳು" ಅಂದ. ಮುದಿಯಾದ ಮೇಲೆ ಏನು ಮಾಡ್ತಿ ಅಂತ ಕೇಳಿದೆ. ನಕ್ಕ. "ಮೊದಲು ನಾ ಮುದಿ ಆಗ್ತೀನೋ ಅದು ಆಗ್ತದೋ ನೋಡೋಣ್ರಿ."

ಮರುದಿನ ಹುಮನಾಬಾದದಲ್ಲಿರುವ ಅಣ್ಣನ ಮನೆಗೆ ಹೋದೆ. ಚಹಾ ಕುಡಿದ ಮೇಲೆ ಕೇಳಿದೆ.

"ಅಣ್ಣಾ, ಚಂದ್ರೀನ ಯಾರು ತಗೊಂಡರು?"

ಅಣ್ಣ ನನ್ನ ಮುಖ ನೋಡಿದ. "ಈಗ್ಯಾಕ ಕೇಳ್ಲತ್ತಿ?"

"ಹಾಂಗೇ."

"ಒಬ್ಬ ಬ್ಯಾಪಾರಿ. ಆರು ಕುದ್ರಿ ಕೂಡಿಸಿ ತಗೊಂಡ. ಎಲ್ಲಾ ಮುದಿ, ಕುಂಟಾ. ಇಟ್ಟಂಗಿ ಭಟ್ಟಿಗಿ."

"ಅಪ್ಪಗ ಗೊತ್ತಿತ್ತಾ?"

"ಗೊತ್ತಿರಲ್ದೇ ಏನು? ಅವನೇ ಕೇಳ್ದ, ಎಲ್ಲಿಗಿ ಒಯ್ತಿ ಅಂತ. ಅವ ಹೇಳ್ದ. ಅಪ್ಪ ಸುಮ್ಮನ ಹಗ್ಗ ಬಿಚ್ಚಿಕೊಂಡ."

ದನ, ಕುದುರೆ ಮಾರುವಾಗ ಹಗ್ಗ ಕೊಡಬಾರದು ಅಂತ ನಮ್ಮಲ್ಲಿ ರೂಢಿ ಇದೆ. ಆ ಹಗ್ಗ ನನಗೆ ನೆನಪಿದೆ. ಮಳೆ ಬಂದು ಬಾವಿಗೆ ನೀರು ಬಂದ ಮೇಲೆ ಅವ್ವ ಅದನ್ನು ಕೊಡಕ್ಕೆ ಕಟ್ಟಿದ್ದಳು. ನನ್ನ ಮದುವೆಯಾಗುವ ತನಕ ನಾನು ಅದರಿಂದಲೇ ನೀರು ಸೇದಿದೆ.